ಸತ್ಯೇಂದ್ರನಾಥ ಠಾಕೂರರ ಚರಿತ್ರೆ

ಕಾರವಾರದ ಕಡಲದಂಡೆಗೆ ಹೋದವರು ಅಲ್ಲಿ ಕವಿ ರವೀಂದ್ರನಾಥ ಠಾಕೂರರ ಹೆಸರನ್ನು ಕೇಳಿಯೇ ಇರುವರು. ಆ ಕವಿಯು 1883ರಲ್ಲಿ ಅಲ್ಲಿಗೆ ಬಂದದ್ದು ತನ್ನ ಅಣ್ಣನ ಮನೆಗೆ. ಅಣ್ಣನವರಾದ ಸತ್ಯೇಂದ್ರನಾಥರು ಆಗ ಅಲ್ಲಿಯ ಜಿಲ್ಲಾ ನ್ಯಾಯಾಧಿಪತಿಗಳು. ತಮ್ಮನ ಕೀರ್ತಿಯ ನೆರಳಿನಲ್ಲಿ ಅಣ್ಣನ ಹೆಸರು ಮರೆಯಾಗಿರುವದರಿಂದ ಅವರ ಚರಿತ್ರೆಯನ್ನು ನಮ್ಮ ವಾಚಕರಿಗೆ ತಿಳಿಸಬೇಕೆಂದಿದ್ದೇವೆ.

ಅವರು 1842ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದರು. ಅವರ ಬಾಲ್ಯದಲ್ಲಿ ಕಲೆಕ್ಟರ್, ಜಡ್ಜ್ ಮೊದಲಾದ ದೊಡ್ಡ ಉದ್ಯೋಗಗಳಿಗೆ ಕಂಪೆನಿಯ ಡೈರೆಕ್ಟರರು ತಮ್ಮ ಬಂಧುಮಿತ್ರರ ಮಕ್ಕಳನ್ನೇ ಹೆಸರಿಸಿ, ಇಂಗ್ಲೆಂಡಿನ ಹೇಲಿಬರಿ ಕಾಲೇಜಿನಲ್ಲಿ ಓದಿಸಿ ಇಲ್ಲಿಗೆ ಕಳುಹಿಸುತ್ತಿದ್ದರು. ಉಳಲು ಬಲ್ಲವನನ್ನು ಬಿಟ್ಟು ನೆಂಟನ ಕೈಗೆ ನೇಗಿಲು ಕೊಟ್ಟ ಹಾಗಾಯಿತು. 1853ರ ಶಾಸನವು ಈ ಪದ್ಧತಿಯನ್ನು ನಿಲ್ಲಿಸಿತು. ಮೆಕಾಲೆಯವರ ಸಮಿತಿಯು 1854ರಲ್ಲಿ ಪರೀಕ್ಷೆಯ ಕ್ರಮವನ್ನು ಗೊತ್ತುಮಾಡಿತು. ಮರುವರುಷದಿಂದ ಅದು ನಡೆಯಿತು. ಬಾಗಿಲು ಎಲ್ಲರಿಗೂ ತೆರೆದಿತ್ತು, ನಿಜ. ಆದರೆ ಆ ಬಾಗಿಲು ಲಂಡನಿನಲ್ಲಿತ್ತು! ಹಡಗಿನ ವೆಚ್ಚವನ್ನು ಕೊಡಬಲ್ಲ ಮನೆಗಳೆಷ್ಟು? ಕಡಲು ದಾಟಿದವನನ್ನು ಜಾತಿಯಿಂದ ಹೊರಗಿಡುವ ಭಯವೂ ಇತ್ತು.

1862ರಲ್ಲಿ ಸತ್ಯೇಂದ್ರನಾಥರೂ ಅವರ ಸ್ನೇಹಿತರಾದ ಮನಮೋಹನ ಘೋಷರೂ ಒಟ್ಟಿಗೆ ಹೊರಟರು. ಹಗಲಿರುಳು ಓದಿ 1863ರಲ್ಲಿ ಸತ್ಯೇಂದ್ರನಾಥರು ಆರಿಸಲ್ಪಟ್ಟರು. ಈ ಸೇವೆಗೆ ಪರೀಕ್ಷೆಯಿಂದ ಸೇರಿದ ಭಾರತೀಯರಲ್ಲಿ ಇವರೇ ಮೊದಲಿಗರು. ಘೋಷರಿಗೋ ಎರಡು ಸಾರಿ ಕುಳಿತರೂ ಜಯವಾಗಲಿಲ್ಲ. ಇದರಲ್ಲಿ ನಾವು ಗಮನಿಸತಕ್ಕ ಸಂಗತಿಯೊಂದುಂಟು. ಸಮಿತಿಯ ಮೊದಲ ಕ್ರಮದಲ್ಲಿಯೇ ಗ್ರೀಕಿಗೂ ಲ್ಯಾಟಿನಿಗೂ 750 750 ಅಂಕಗಳು. ಸಂಸ್ಕೃತ ಅರಬ್ಬಿಗಳಿಗೆ ಇದ್ದ 500 ಅಂಕಗಳನ್ನು ಸತ್ಯೇಂದ್ರನಾಥರು ಗೆದ್ದ ಮೇಲೆ 375ಕ್ಕೆ ಇಳಿಸಿದರು. ಹಾಗೆ ಮಾಡಿದವರ ಮನಸ್ಸನ್ನು ನಾವು ಅಳೆಯಲಾರೆವು. ಅದರ ಪೆಟ್ಟು ಯಾರ ಮೇಲೆ ಬಿತ್ತೆಂಬದು ಕುರುಡನಿಗೂ ಕಾಣುವದು. ವಯಸ್ಸಿನ ಮಿತಿಯೂ 23ರಿಂದ ಮೆಲ್ಲನೆ ಇಳಿದು 1878ರಲ್ಲಿ 19ಕ್ಕೆ ಬಂತು. ಪರಭಾಷೆಯಲ್ಲಿ ಓದುವ ಹುಡುಗನು ಆ ವಯಸ್ಸಿಗೆ ಹೇಗೆ ಸಿದ್ಧನಾಗಬೇಕು? 1892ರಲ್ಲಿ ಅದನ್ನು ತಿರಿಗಿ 23ಕ್ಕೆ ಏರಿಸಿದರು. ಘೋಷರಾದರೋ ಎದೆಗೆಡದೆ ಬಾರಿಸ್ಟರರಾಗಿ ಊರಿಗೆ ಮರಳಿ, ಕಲ್ಕತ್ತೆಯಲ್ಲಿ ಹೆಸರಾಂತ ವಕೀಲರಾದರು.

ಸತ್ಯೇಂದ್ರನಾಥರನ್ನು ಬೊಂಬಾಯಿ ಪ್ರಾಂತಕ್ಕೆ ನೇಮಿಸಿದರು. ಪತ್ನಿ ಜ್ಞಾನದಾನಂದಿನಿಯವರನ್ನು ಅಂತಃಪುರದ ಪರದೆಯೊಳಗೆ ಬಿಟ್ಟುಹೋಗದೆ ಸಂಗಡ ಕರಕೊಂಡು ಹೋದರು. ಆ ದಿನಗಳಲ್ಲಿ ಇದು ಪರೀಕ್ಷೆಗಿಂತ ಸಣ್ಣ ಧೈರ್ಯವೇನಲ್ಲ. ಅಹಮದಾಬಾದಿನಿಂದ ತೊಡಗಿ ಊರೂರು ತಿರುಗುತ್ತಾ ಮೂವತ್ತು ವರುಷಕ್ಕೂ ಹೆಚ್ಚು ಕಾಲ ದುಡಿದರು. ಆದರೂ ಹೈಕೋರ್ಟಿನ ಪೀಠವನ್ನು ಅವರು ಏರಲಿಲ್ಲ. ಜಿಲ್ಲಾ ನ್ಯಾಯಾಧಿಪತಿಯಾಗಿಯೇ 1897ರಲ್ಲಿ ಸಾತಾರೆಯಿಂದ ನಿವೃತ್ತರಾದರು.

ಪರೀಕ್ಷೆಯನ್ನು ನಮ್ಮ ದೇಶದಲ್ಲಿಯೂ ನಡಿಸಬೇಕೆಂದು ಜನರು ಬಹುಕಾಲ ಬೇಡಿಕೊಂಡ ಮೇಲೆ 1922ರಲ್ಲಿ ಅದು ಮೊದಲ ಸಾರಿ ಅಲಹಾಬಾದಿನಲ್ಲಿ ನಡೆಯಿತು. ಮರುವರುಷದ ಜನವರಿಯಲ್ಲಿ ಸತ್ಯೇಂದ್ರನಾಥರು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ತೀರಿಹೋದರು.