ಮನೆಯಲ್ಲೇ ಡಾಕ್ಟರ್ ಇದ್ದರು, ಆದರೂ ಮೂವರು ಗರ್ಭಿಣಿಯರು ಉಳಿಯಲಿಲ್ಲ: ವೆಲ್ಲೂರಿನ ಐಡಾ ಸ್ಕಡರ್ ಬದುಕು

ಒಂದೇ ರಾತ್ರಿ ಮೂವರು ಗಂಡಸರು ಒಂದು ಮನೆಯ ಬಾಗಿಲು ತಟ್ಟುತ್ತಾರೆ. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿದೆ. ಬೆಳಗಾಗುವಷ್ಟರಲ್ಲಿ ಮೂವರು ಹೆಣ್ಣುಮಕ್ಕಳೂ ತೀರಿಕೊಂಡಿರುತ್ತಾರೆ. ಇದನ್ನು ಕಂಡ ಅಮೆರಿಕದ ಯುವತಿಯೊಬ್ಬಳು ಡಾಕ್ಟರಾಗಿ ಬಂದು ವೆಲ್ಲೂರಿನಲ್ಲಿ ಆಸ್ಪತ್ರೆ ಕಟ್ಟುತ್ತಾಳೆ.

ಈ ಕತೆ ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಇದು ಯಾರೋ ಕಟ್ಟಿದ ಕತೆಯಲ್ಲ. ಆ ಯುವತಿ ಐಡಾ ಸ್ಕಡರ್ ಅವರೇ ತಮ್ಮ ಜೀವನದುದ್ದಕ್ಕೂ ಹೇಳಿಕೊಂಡು ಬಂದ ಘಟನೆ. ಆದರೆ ಚಿಕ್ಕದಾಗಿ ಹೇಳುವ ಭರದಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗುತ್ತದೆ. ಆ ರಾತ್ರಿ ಆ ಮನೆಯಲ್ಲಿ ಡಾಕ್ಟರ್ ಇದ್ದರು. ಅಂದರೆ ಸಾವಿಗೆ ಕಾರಣ ಡಾಕ್ಟರ್ ಇಲ್ಲದ್ದಲ್ಲ. ಹಾಗಾದರೆ ಮತ್ತೇನು? ಐಡಾ ಅವರ ಮುಂದಿನ ಅರವತ್ತು ವರ್ಷದ ಕೆಲಸವೆಲ್ಲ ಈ ಪ್ರಶ್ನೆಗೆ ಕಂಡುಕೊಂಡ ಉತ್ತರ.

ಬೇಡವೆಂದು ಬಿಟ್ಟುಹೋದ ಊರು

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿನ ಹತ್ತಿರದ ರಾಣಿಪೇಟೆಯಲ್ಲಿ. ತಂದೆ ಜಾನ್ ಸ್ಕಡರ್ ಅಮೆರಿಕದ ಕ್ರೈಸ್ತ ಮಿಷನ್‌ನ ವೈದ್ಯರು. ತಾತನೂ ಮಿಷನ್ ವೈದ್ಯರಾಗಿಯೇ ಈ ಕಡೆಗೆ ಬಂದವರು. ನಮ್ಮ ಹಿರಿಯರು ಧಾತು-ಈಶ್ವರ ಬರಗಾಲ ಎಂದು ಕರೆಯುತ್ತಿದ್ದ 1876-78ರ ಭೀಕರ ಕ್ಷಾಮ ಮೈಸೂರು ಸೀಮೆಯಂತೆ ಮದ್ರಾಸ್ ಪ್ರಾಂತ್ಯವನ್ನೂ ಸುಟ್ಟಿತ್ತು. ಹಸಿದ ಮಕ್ಕಳಿಗೆ ರೊಟ್ಟಿ ಹಂಚುವ ಕೆಲಸ ಪುಟ್ಟ ಐಡಾ ಪಾಲಿಗೂ ಬಂದಿತ್ತು.

ಓದಿಗಾಗಿ ಅಮೆರಿಕಕ್ಕೆ ಹೋದ ಮೇಲೆ ಅವರಿಗೆ ಮತ್ತೆ ಇಲ್ಲಿಗೆ ಬರುವ ಮನಸ್ಸಿರಲಿಲ್ಲ. ಅಲ್ಲೇ ಮದುವೆಯಾಗಿ ನೆಮ್ಮದಿಯಾಗಿ ಇರುವ ಆಸೆಯಿತ್ತು. 1890ರಲ್ಲಿ ತಾಯಿಗೆ ಕಾಯಿಲೆಯಾಯಿತೆಂದು ತಿಂಡಿವನಂಗೆ ಬಂದರು. ತಾಯಿ ಚೇತರಿಸಿಕೊಂಡ ಕೂಡಲೇ ವಾಪಸ್ ಹೊರಡುವುದೆಂದು ಲೆಕ್ಕ ಹಾಕಿದ್ದರು. ಆ ರಾತ್ರಿ ಬಂದದ್ದು ಆಗಲೇ.

ಬಾಗಿಲು ತಟ್ಟಿದ ಮೂವರಲ್ಲಿ ಒಬ್ಬರು ಬ್ರಾಹ್ಮಣರು, ಒಬ್ಬರು ಮುಸ್ಲಿಮರು, ಇನ್ನೊಬ್ಬರು ಮೇಲ್ಜಾತಿಯ ಹಿಂದೂ. ಮೂವರೂ ಐಡಾ ಅವರನ್ನೇ ಕರೆದರು. ತಾನು ಡಾಕ್ಟರಲ್ಲ, ತಂದೆಯನ್ನು ಕಳಿಸುತ್ತೇನೆ ಎಂದು ಐಡಾ ಹೇಳಿದರು. ಪರಗಂಡಸು ಹೆರಿಗೆ ಕೋಣೆಗೆ ಬರುವುದನ್ನು ಮೂವರೂ ಒಪ್ಪದೆ ಹಿಂದಿರುಗಿದರು. ಚಿಕಿತ್ಸೆ ಬೇಕಾಗಿದ್ದ ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ. ಮಾರನೇ ದಿನ ಮೂರೂ ಮನೆಗಳಿಂದ ಸಾವಿನ ಸುದ್ದಿ ಬಂತು. ಐಡಾ ಡಾಕ್ಟರಾಗಲು ತೀರ್ಮಾನಿಸಿದರು.

ತಡೆ ಇದ್ದದ್ದು ಇಲ್ಲಿ ಮಾತ್ರವೇ?

ಈ ಕತೆ ಓದಿದವರು ಎರಡು ತಪ್ಪು ತೀರ್ಮಾನಕ್ಕೆ ಬರುವುದುಂಟು.

ಒಂದು, ಐಡಾ ಭಾರತದ ಮೊದಲ ಲೇಡಿ ಡಾಕ್ಟರ್ ಎಂಬುದು. ಅಲ್ಲ. ಕ್ಲಾರಾ ಸ್ವೇನ್ ಎಂಬ ವೈದ್ಯೆ 1870ರಲ್ಲೇ ಬರೇಲಿಗೆ ಬಂದಿದ್ದರು. ಆನಂದಿಬಾಯಿ ಜೋಶಿ ಮತ್ತು ಕಾದಂಬಿನಿ ಗಂಗೂಲಿ 1886ರಲ್ಲಿ ವೈದ್ಯಕೀಯ ಓದು ಮುಗಿಸಿದ್ದರು. 1885ರಲ್ಲಿ ಶುರುವಾದ ಡಫರಿನ್ ನಿಧಿಯ ಉದ್ದೇಶವೇ ಹೆಣ್ಣುಮಕ್ಕಳಿಗೆ ಮಹಿಳಾ ವೈದ್ಯರನ್ನು ಒದಗಿಸುವುದಾಗಿತ್ತು. ಆದರೆ ಈ ವೈದ್ಯೆಯರ ಸಂಖ್ಯೆ ಬಹಳ ಕಡಿಮೆ. ಇದ್ದವರೂ ಹೆಚ್ಚಾಗಿ ಪಟ್ಟಣಗಳಲ್ಲಿದ್ದರು.

ಇನ್ನೊಂದು, ಇದೆಲ್ಲ ಭಾರತದ ಹಿಂದುಳಿದಿರುವಿಕೆ, ಅಮೆರಿಕದಲ್ಲಿ ಹೀಗಿರಲಿಲ್ಲ ಎಂಬುದು. ಅಮೆರಿಕದ ಅನೇಕ ವೈದ್ಯಕೀಯ ಕಾಲೇಜುಗಳು ಆಗ ಹೆಣ್ಣುಮಕ್ಕಳಿಗೆ ಸೀಟು ಕೊಡುತ್ತಿರಲಿಲ್ಲ. ಐಡಾ ಮೊದಲು ಸೇರಿದ್ದು ಫಿಲಡೆಲ್ಫಿಯಾದಲ್ಲಿ ಮಹಿಳೆಯರಿಗೆಂದೇ ಇದ್ದ ಕಾಲೇಜಿಗೆ. ಆನಂದಿಬಾಯಿ ಓದಿದ್ದೂ ಅಲ್ಲೇ. ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 1898ರಲ್ಲಿ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಾಗ ಐಡಾ ಅಲ್ಲಿಗೆ ಹೋದರು. 1899ರಲ್ಲಿ ಪದವಿ ಪಡೆದರು.

ಒಂದು ಕೋಣೆಯಿಂದ ಆಸ್ಪತ್ರೆಗೆ

1900ರ ಹೊತ್ತಿಗೆ ಅವರು ವೆಲ್ಲೂರಿನಲ್ಲಿದ್ದರು. ಶೆಲ್ ಎಂಬ ನ್ಯೂಯಾರ್ಕಿನ ಬ್ಯಾಂಕರ್ ತಮ್ಮ ತೀರಿಹೋದ ಹೆಂಡತಿಯ ನೆನಪಿಗೆ 10,000 ಡಾಲರ್ ಕೊಟ್ಟಿದ್ದರು. ಹಣವೇನೋ ಬಂತು. ಆದರೆ ಕೆಲಸ ಕಲಿಸಬೇಕಿದ್ದ ತಂದೆ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಐಡಾ ಮನೆಯ ಒಂದು ಚಿಕ್ಕ ಕೋಣೆಯಲ್ಲೇ ದವಾಖಾನೆ ತೆರೆದರು. ಮೊದಮೊದಲು ಜನ ಬರಲು ಹಿಂಜರಿದರು. ಒಬ್ಬರಿಗೆ ವಾಸಿಯಾದದ್ದು ಇನ್ನೊಬ್ಬರ ಕಿವಿಗೆ ಬಿದ್ದಂತೆಲ್ಲ ಸಾಲು ಬೆಳೆಯಿತು. 1902ರಲ್ಲಿ ಶೆಲ್ ಕೊಟ್ಟ ಹಣದಿಂದ 40 ಹಾಸಿಗೆಯ ಆಸ್ಪತ್ರೆ ಶುರುವಾಯಿತು.

ಈಗ ಲೇಡಿ ಡಾಕ್ಟರ್ ಇದ್ದರು, ಆಸ್ಪತ್ರೆಯೂ ಇತ್ತು. ಆದರೆ ಹಳ್ಳಿಗಳಿಂದ ಬರುವವರು ಎಷ್ಟೋ ಸಲ ಕೊನೇ ಗಳಿಗೆಯಲ್ಲಿ ಬರುತ್ತಿದ್ದರು. ಮೊದಲು ಮನೆಮದ್ದು, ಆಮೇಲೆ ಸೂಲಗಿತ್ತಿ, ಅದೂ ಆಗದಿದ್ದರೆ ಎತ್ತಿನಗಾಡಿ ಹುಡುಕಾಟ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಗಾಡಿಯ ಪ್ರಯಾಣವೇ ಅಷ್ಟು ಹೊತ್ತು ಹಿಡಿಯುತ್ತಿತ್ತು.

ಜನ ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ಜನರ ಬಳಿಗೆ ಹೋಗಲಿ ಎಂದು ಐಡಾ ಊರಿಂದೂರಿಗೆ ಹೊರಟರು. ಮುಂದೆ ಒಂದು ಪುಟ್ಟ ಪ್ಯೂಜೊ ಕಾರು ಸಿಕ್ಕಿತು. ಗುಡಿಯಾತ್ತಂ ರಸ್ತೆಯಲ್ಲಿ ವಾರಕ್ಕೊಮ್ಮೆ, ಗೊತ್ತಾದ ಮರಗಳ ಕೆಳಗೆ ಕಾರು ನಿಲ್ಲುತ್ತಿತ್ತು. ಅಲ್ಲೇ ಗಾಯಕ್ಕೆ ಪಟ್ಟಿ ಕಟ್ಟುವುದು, ಕಣ್ಣಿಗೆ ಔಷಧಿ ಹಾಕುವುದು, ಹೆಚ್ಚಿನ ಚಿಕಿತ್ಸೆ ಬೇಕಾದವರನ್ನು ಆಸ್ಪತ್ರೆಗೆ ಕರೆತರುವುದು. ಕುಷ್ಠರೋಗ ಬಂದವರೂ ಅದೇ ಮರದ ಕೆಳಗೆ ಕಾಯುತ್ತಿದ್ದರು. ಬೇರೆ ಕಡೆ ಅವರನ್ನು ಹತ್ತಿರ ಸೇರಿಸುವವರೇ ಕಡಿಮೆ ಇದ್ದ ಕಾಲ ಅದು. ಕಾರು ಬರುವ ದಿನ ಗೊತ್ತಿರುತ್ತಿದ್ದುದರಿಂದ ಜನ ನಂಬಿ ಕಾಯುತ್ತಿದ್ದರು.

ಒಬ್ಬರಿಂದ ಆಗದ ಕೆಲಸ

ಒಬ್ಬ ಡಾಕ್ಟರ್ ಎಷ್ಟು ಊರು ಸುತ್ತಲು ಸಾಧ್ಯ? ಇಲ್ಲಿಯ ಹೆಣ್ಣುಮಕ್ಕಳೇ ಕಲಿಯದೆ ಇದು ಮುಗಿಯುವ ಕೆಲಸವಲ್ಲ ಎಂಬುದು ಐಡಾ ಅವರಿಗೆ ಸ್ಪಷ್ಟವಾಯಿತು. 1909ರಲ್ಲಿ ನರ್ಸ್‌ಗಳ ತರಬೇತಿ ಶುರುಮಾಡಿದರು. ಮುಂದಿನ ಹೆಜ್ಜೆ, ಮಹಿಳೆಯರಿಗೆ ವೈದ್ಯಕೀಯ ಶಾಲೆ. ಅನುಮತಿ ಕೊಡಬೇಕಿದ್ದ ಮದ್ರಾಸ್ ಸರ್ಕಾರದ ವೈದ್ಯಾಧಿಕಾರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆರು ಹುಡುಗಿಯರಾದರೂ ಸಿಕ್ಕರೆ ಶುರುಮಾಡಿ ಎಂಬುದು ಅವರು ಹಾಕಿದ ಷರತ್ತು. ಅರ್ಜಿಗಳು ಅದಕ್ಕಿಂತ ಎಷ್ಟೋ ಪಟ್ಟು ಬಂದವು. 1918ರಲ್ಲಿ ಶಾಲೆ ತೆರೆಯಿತು. 1922ರಲ್ಲಿ ಮೊದಲ ತಂಡದ 14 ಮಂದಿ ಎಲ್‌ಎಂಪಿ ಡಾಕ್ಟರುಗಳಾಗಿ ಹೊರಬಂದರು.

ಆದರೆ 1930ರ ದಶಕದ ಕೊನೆಯಲ್ಲಿ ದೊಡ್ಡ ಆತಂಕ ಎದುರಾಯಿತು. ಎಲ್‌ಎಂಪಿ ಸಾಲದು, ಡಾಕ್ಟರಾಗಲು ಎಂಬಿಬಿಎಸ್ ಪದವಿಯೇ ಬೇಕು ಎಂದು ಮದ್ರಾಸ್ ಸರ್ಕಾರ ನಿಯಮ ತಂದಿತು. ಹೊಸ ಕಟ್ಟಡ, ಪ್ರಯೋಗಾಲಯ, ಹೆಚ್ಚಿನ ಪದವಿ ಪಡೆದ ಅಧ್ಯಾಪಕರು ಇಲ್ಲದಿದ್ದರೆ ಕಾಲೇಜು ಮುಚ್ಚಬೇಕು. ಎಪ್ಪತ್ತು ದಾಟಿದ್ದ ಐಡಾ ಹಣ ಕೂಡಿಸಲು 1941ರಲ್ಲಿ ಅಮೆರಿಕಕ್ಕೆ ಹೋದರು. ಎರಡನೇ ಮಹಾಯುದ್ಧದ ನಡುವೆಯೇ ಊರೂರು ತಿರುಗಿದರು. 1942ರಲ್ಲಿ ಎಂಬಿಬಿಎಸ್ ಶುರುವಾಯಿತು.

ಕಾಲೇಜು ಉಳಿಯಲು ಅವರು ಒಂದು ಬೆಲೆಯನ್ನೂ ತೆರಬೇಕಾಯಿತು. ಹೆಚ್ಚಿನ ನೆರವು ಬೇಕಾದರೆ ಹುಡುಗರನ್ನೂ ಸೇರಿಸಿಕೊಳ್ಳಬೇಕಿತ್ತು. ಇದು ಹೆಣ್ಣುಮಕ್ಕಳಿಗೆಂದೇ ಹುಟ್ಟಿದ ಸಂಸ್ಥೆ ಎಂದು ವರ್ಷಗಟ್ಟಲೆ ದುಡ್ಡು ಕೂಡಿಸಿಕೊಟ್ಟಿದ್ದ ಮಹಿಳೆಯರಲ್ಲಿ ಕೆಲವರಿಗೆ ಇದು ದ್ರೋಹ ಎನಿಸಿತು. ಐಡಾ ಕೊನೆಗೆ ಒಪ್ಪಿದರು. 1947ರಲ್ಲಿ ಹುಡುಗರೂ ಬಂದರು. ಅದೇ ವರ್ಷ ಸಂಸ್ಥೆಯ ಚುಕ್ಕಾಣಿ ಹಿಲ್ಡಾ ಲಾಜರಸ್ ಎಂಬ ಭಾರತೀಯ ವೈದ್ಯೆಯ ಕೈಗೆ ಬಂತು. ಐಡಾ 1960ರ ಮೇ 24ರಂದು ಕೊಡೈಕೆನಾಲ್‌ನಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಕೋಲಾರ, ಕೆಜಿಎಫ್ ಕಡೆಯವರು ಇವತ್ತಿಗೂ ವೆಲ್ಲೂರು ಆಸ್ಪತ್ರೆ ಎಂದು ಹುಡುಕಿಕೊಂಡು ಹೋಗುವ ಸಿಎಂಸಿ ಬೆಳೆದದ್ದು ಆ ಒಂದು ಕೋಣೆಯಿಂದ.

ಮೂರು ತಡಗಳು

ಆ ರಾತ್ರಿ ನಡೆದು ನೂರು ವರ್ಷವಾದ ಮೇಲೆ, 1994ರಲ್ಲಿ, ಥ್ಯಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕರು ತಾಯಂದಿರ ಸಾವಿನ ಹಿಂದೆ ಮೂರು ಬಗೆಯ ತಡ ಇರುತ್ತದೆ ಎಂದು ವಿವರಿಸಿದರು. ಆಸ್ಪತ್ರೆಗೆ ಹೋಗೋಣ ಎಂದು ತೀರ್ಮಾನಿಸುವಲ್ಲಿ ತಡ. ತೀರ್ಮಾನಿಸಿದ ಮೇಲೆ ಅಲ್ಲಿಗೆ ತಲುಪುವಲ್ಲಿ ತಡ. ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ ತಡ. ಈಗ ಐಡಾ ಅವರ ಬದುಕನ್ನು ಹಿಂತಿರುಗಿ ನೋಡಿ. ಮನೆಯವರು ಒಪ್ಪುವಂಥ ವೈದ್ಯೆ, ಮರದ ಕೆಳಗಿನ ದವಾಖಾನೆ, ಕಲಿತ ನರ್ಸ್ ಮತ್ತು ಡಾಕ್ಟರುಗಳು. ಈ ಮೂರೂ ತಡಗಳಿಗೆ ಅವರು ಒಂದೊಂದಾಗಿ ಕೈ ಹಾಕಿದ್ದರು.

ಈ ತಡಗಳು ಇನ್ನೂ ಮುಗಿದಿಲ್ಲ. 2018-20ರ ಸರ್ಕಾರಿ ಅಂಕಿಅಂಶದಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಭಾರತದಲ್ಲಿ 97, ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು. ಪಕ್ಕದ ಕೇರಳದಲ್ಲಿ ಇದು 19. ಅಂದರೆ ಇವುಗಳಲ್ಲಿ ಎಷ್ಟೋ ಸಾವು ತಪ್ಪಿಸಬಹುದಾದವು.

ಹಾಗಾಗಿ ಈ ಕತೆಯನ್ನು ಹಂಚುವಾಗ ಮನೆಯಲ್ಲಿ ಡಾಕ್ಟರ್ ಇದ್ದ ಸಂಗತಿಯನ್ನೂ ಸೇರಿಸಿ ಹಂಚಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಗರ್ಭಿಣಿ ಇದ್ದರೆ ಮೂರು ವಿಷಯ ಈಗಲೇ ಗೊತ್ತುಮಾಡಿಕೊಳ್ಳಿ. ನಡುರಾತ್ರಿ ನೋವು ಶುರುವಾದರೆ ಹೊರಡೋಣ ಎಂದು ಹೇಳುವವರು ಯಾರು, ಅವರು ಊರಲ್ಲಿಲ್ಲದಿದ್ದರೆ ಯಾರು? 108 ಆಂಬುಲೆನ್ಸ್ ಬರುವುದು ತಡವಾದರೆ ಬೇರೆ ಗಾಡಿ ಯಾವುದು? ಹೆರಿಗೆ ಆಪರೇಷನ್ ಮಾಡುವ, ರಕ್ತ ಸಿಗುವ ಹತ್ತಿರದ ಆಸ್ಪತ್ರೆ ಎಲ್ಲಿದೆ? ಗೊತ್ತಿಲ್ಲದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮುಖ್ಯವಾಗಿ, ಆ ಗರ್ಭಿಣಿಗೆ ಏನನಿಸುತ್ತಿದೆ ಎಂದು ಅವರನ್ನೇ ಕೇಳಿ.