ಮೇರಿ ಲಯನ್ ಅವರು ಕೂಡಿಟ್ಟ ಹಣ

ಹೆಣ್ಣುಮಕ್ಕಳ ಉಚ್ಚವಿದ್ಯೆಯ ವೆಚ್ಚಕ್ಕಾಗಿ ಚಿಂತಿಸುವ ತಾಯಿತಂದೆಗಳ ಮುಂದೆ ಈ ಚರಿತ್ರೆಯನ್ನಿಡಲು ನಾವು ಬಯಸುತ್ತೇವೆ.

ಮೇರಿ ಲಯನ್ ಅವರು 1797ನೆಯ ಇಸವಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಬಕ್‌ಲೆಂಡ್ ಗ್ರಾಮದ ಒಕ್ಕಲು ಮನೆಯಲ್ಲಿ ಜನಿಸಿದರು. ಐದು ವರುಷದವರಿದ್ದಾಗಲೇ ತಂದೆಯು ತೀರಿಕೊಂಡರು. ಹದಿಮೂರನೆಯ ವಯಸ್ಸಿನಲ್ಲಿ ತಾಯಿಯೂ ಮರುಮದುವೆಯಾಗಿ ಹೊರಟುಹೋಗಲು, ಅಣ್ಣನ ಮನೆವಾರ್ತೆ ನೋಡಿಕೊಂಡು ವಾರಕ್ಕೊಂದು ಡಾಲರು ಪಡೆದರು. ಬಳಿಕ ಉಪಾಧ್ಯಾಯಿನಿಯಾದಾಗ ದೊರೆತದ್ದು ವಾರಕ್ಕೆ 75 ಸೆಂಟು ಮಾತ್ರ. ಈ ಅಲ್ಪ ಹಣವನ್ನು ಕೂಡಿಟ್ಟು, ತಾವು ನೇಯ್ದ ಹೊದಿಕೆಗಳನ್ನು ಊಟವಸತಿಗೆ ಬದಲಾಗಿ ಕೊಟ್ಟು, 1817ರಲ್ಲಿ ಆಶ್‌ಫೀಲ್ಡಿನ ವಿದ್ಯಾಶಾಲೆಯನ್ನು ಸೇರಿದರು.

ಆ ದೇಶದ ಕಾಲೇಜುಗಳು ಆಗ ಬಹುಮಟ್ಟಿಗೆ ಸ್ತ್ರೀಯರಿಗೆ ಮುಚ್ಚಿದ್ದವು. ಬಡವರ ಹೆಣ್ಣುಮಕ್ಕಳೂ ಕಲಿಯಬೇಕೆಂದು ಅವರು ಹಸುರು ಮಖಮಲ್ಲಿನ ಚೀಲವನ್ನು ಹಿಡಿದು ಊರೂರು ತಿರುಗಿ ಚಂದಾ ಎತ್ತಿದರು. ಆರು ಸೆಂಟಿನ ಕಾಣಿಕೆಯನ್ನೂ ಕೀಳೆಂದೆಣಿಸಲಿಲ್ಲ. 1837ರಲ್ಲಿ ಸೌತ್ ಹ್ಯಾಡ್ಲಿಯಲ್ಲಿ ಮೌಂಟ್ ಹೋಲಿಯೋಕ್ ವಿದ್ಯಾಲಯವು ತೆರೆಯಿತು. ಅಡಿಗೆ, ಒಗೆತ, ಕಸಗುಡಿಸುವಿಕೆಗಳನ್ನು ವಿದ್ಯಾರ್ಥಿನಿಯರೇ ಹಂಚಿಕೊಂಡದ್ದರಿಂದ ಊಟಕ್ಕೂ ಬೋಧನೆಗೂ ವರುಷಕ್ಕೆ 60 ಡಾಲರು ಸಾಕಾಯಿತು. ಅವರು 1849ರಲ್ಲಿ ತೀರಿಕೊಂಡರು. ವಿದ್ಯಾಲಯವು 1888ರಲ್ಲಿ ಕಾಲೇಜಿನ ಸನ್ನದನ್ನು ಪಡೆಯಿತು.

ಮಗಳ ಮದುವೆಗೆಂದು ಗಂಟು ಕಟ್ಟುವ ಪೋಷಕರು ಅವಳ ಕಾಲೇಜಿಗೆಂದೂ ತಿಂಗಳು ತಿಂಗಳು ಅಷ್ಟಿಷ್ಟು ತೆಗೆದಿಡಲಿ. ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಮ್ಮ ಸಂಬಳದೊಳಗಿಂದ ತಂಗಿಯೊಬ್ಬಳನ್ನು ಓದಿಸಲೆಂಬುದೇ ನಮ್ಮ ಕೋರಿಕೆ.