ಪುಸ್ತಕದ ಗಂಟು ಹೊತ್ತ ಗಳಗನಾಥರು

ವರದಾ ನದಿಯು ತುಂಗಭದ್ರೆಯನ್ನು ಕೂಡುವಲ್ಲಿ, ಹಾವೇರಿ ಸೀಮೆಯಲ್ಲಿ, ಗಳಗನಾಥವೆಂಬ ಊರಿದೆ. ಪುರಾತನ ಶಿವಾಲಯದಿಂದ ಹೆಸರಾದ ಆ ಊರಿನಲ್ಲಿ ವೆಂಕಟೇಶ ತಿರಕೋ ಕುಲಕರ್ಣಿಯವರು 1869ರಲ್ಲಿ ಜನಿಸಿದರು. ಸ್ವಂತ ಹೆಸರಿಗಿಂತ ಊರಿನ ಹೆಸರಿನಿಂದಲೇ ಅವರು ಪ್ರಸಿದ್ಧರಾದರು.

ಗಳಗನಾಥರು ಮೊದಲು ಶಾಲಾ ಮಾಸ್ತರರು. ಧಾರವಾಡ ಪ್ರಾಂತವು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. ಅಲ್ಲಿಯ ಸುಶಿಕ್ಷಿತ ಕನ್ನಡಿಗರಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನಾಡಿ, ಓದಲು ಮರಾಠಿ ಪುಸ್ತಕವನ್ನು ಹಿಡಿಯುತ್ತಿದ್ದರು. ಡೊಂಬಿವಲಿ, ಕಲ್ಯಾಣಗಳ ಚಾಳುಗಳಲ್ಲಿ ಬೆಳೆಯುತ್ತಿರುವ ನಿಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರಾಠಿಯಲ್ಲಿ ಆಗ ಹರಿ ನಾರಾಯಣ ಆಪಟೆಯವರ ಕಾದಂಬರಿಗಳು ಓದುಗರನ್ನು ಮರುಳು ಮಾಡಿದ್ದವು. ಗಳಗನಾಥರೂ ಅವಕ್ಕೆ ಮನಸೋತರು. ಆದರೆ ಆ ಸುಖವನ್ನು ತಾವೊಬ್ಬರೇ ಉಂಡು ಸುಮ್ಮನಿರಲಿಲ್ಲ. ಕನ್ನಡ ಬಲ್ಲವರೆಲ್ಲರೂ ಅದನ್ನು ಕನ್ನಡದಲ್ಲಿಯೇ ಉಣ್ಣಬೇಕೆಂದು ಲೇಖನಿಯನ್ನು ಹಿಡಿದರು. ವಿಜಯನಗರದ ಪತನವನ್ನು ಕುರಿತ ಆಪಟೆಯವರ ‘ವಜ್ರಾಘಾತ’ವು ಅವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು. ನಮ್ಮ ಸಾಮ್ರಾಜ್ಯದ ದುರಂತವು ಮರಾಠಿಯ ಮನೆಯನ್ನು ಹೊಕ್ಕು ನಮ್ಮಲ್ಲಿಗೆ ಬಂದಿತೆಂಬುದು ಸೋಜಿಗವಲ್ಲವೆ!

1565ರ ಯುದ್ಧವೂ ಅಳಿಯ ರಾಮರಾಯನ ಮರಣವೂ ಚರಿತ್ರೆ. ಆದರೆ ಅವನು ಮೆಹರ್ಜಾನಳನ್ನು ಪ್ರೀತಿಸಿ ಕೈಬಿಟ್ಟದ್ದು, ಅವಳ ಮಗ ರಣಮಸ್ತಖಾನನು ತಂದೆಗೆ ವೈರಿಯಾದದ್ದು ಕಾದಂಬರಿಯ ಕಲ್ಪನೆ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಇದರ ಹರಕು ಪ್ರತಿಯೊಂದು ಕೈಗೆ ಸಿಕ್ಕಿತ್ತು. ತಾಯಿ ಊಟಕ್ಕೆ ಮೂರು ಸಲ ಕೂಗಿದರೂ ನನಗೆ ಕೇಳಿಸಲಿಲ್ಲ, ನಾನು ವಿಜಯನಗರದಲ್ಲಿದ್ದೆ. ರಣಮಸ್ತಖಾನನು ಕಲ್ಪಿತನೆಂದು ಮುಂದೆ ತಿಳಿದಾಗಲೂ ಅವನ ಮೇಲಿನ ಮರುಕ ಕಡಮೆಯಾಗಲಿಲ್ಲ.

ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ವು ಅವರ ಸ್ವತಂತ್ರ ಕೃತಿ. ಅವರ ವಾಕ್ಯಗಳು ದೀರ್ಘ. ನಡುನಡುವೆ ಕಥೆಯನ್ನು ನಿಲ್ಲಿಸಿ ಓದುಗರಿಗೆ ನೀತಿಯನ್ನು ಬೋಧಿಸುವುದೂ ಉಂಟು. ಮಾಸ್ತರರ ಅಭ್ಯಾಸವದು! ಅಂತಹ ಪುಟಗಳಲ್ಲಿ ತುಸು ತಾಳ್ಮೆ ಬೇಕು.

ಹಾವೇರಿಯ ಸಮೀಪದ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಿಕವನ್ನೂ ಅವರು ನಡೆಯಿಸಿದರು. ಬರೆದದ್ದಾಯಿತು, ಅಚ್ಚಾದದ್ದಾಯಿತು, ಕೊಳ್ಳುವವರೆಲ್ಲಿ? ಹಳ್ಳಿಗಳಲ್ಲಿ ಪುಸ್ತಕದ ಅಂಗಡಿಗಳಿರಲಿಲ್ಲ. ಆಗ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದರು, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. ಹೆಸರಾಂತ ಗ್ರಂಥಕರ್ತರಿಗೆ ಇದು ತಕ್ಕುದಲ್ಲವೆಂಬ ಎಣಿಕೆ ಅವರಿಗಿರಲಿಲ್ಲ. ಹಣವು ಹೆಚ್ಚಾಗಿ ಕೂಡಲಿಲ್ಲ, ಓದುಗರು ಕೂಡಿದರು. 1942ರಲ್ಲಿ ಅವರು ತೀರಿಕೊಂಡಾಗ, ಕನ್ನಡದಲ್ಲಿ ಕಾದಂಬರಿಯನ್ನೋದುವ ಮನೆಗಳು ಆ ಸೀಮೆಯಲ್ಲಿ ಅಪರೂಪವಾಗಿ ಉಳಿದಿರಲಿಲ್ಲ.

ಎರಡೂ ಭಾಷೆಗಳನ್ನು ಬಲ್ಲ ನಿಮಗೆ ಇಲ್ಲೊಂದು ಅನುಕೂಲವಿದೆ. 1893ರಲ್ಲಿ ಸ್ಥಾಪಿತವಾದ ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯದಲ್ಲಿ ‘ವಜ್ರಾಘಾತ’ವನ್ನು ಕೇಳಿ ನೋಡಿರಿ, ಜೊತೆಯಲ್ಲಿ ‘ಕರ್ಮಕಥೆ’ಯನ್ನು ತೆರೆದಿಟ್ಟುಕೊಳ್ಳಿರಿ. ಊಟದ ಹೊತ್ತಿಗೆ ಮಾತ್ರ ಎಚ್ಚರವಿರಲಿ.